ಸುಮ್ಮನಿರು ಎಂದಿದ್ದೆ ನಾನು

ನನ್ನ ಮಗಳು ಏಳನೇ ತರಗತಿಯಲ್ಲಿದ್ದಾಗ ನಡೆದ ಸಂಗತಿ ಇದು. ಒಂದು ಸಂಜೆ ಶಾಲೆಯಿಂದ ಬಂದವಳು ಕೈಕಾಲು ತೊಳೆಯದೆ, ತಿಂಡಿಯನ್ನೂ ಕೇಳದೆ, ಚೀಲ ಹೆಗಲಲ್ಲಿರುವಂತೆಯೇ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅವರ ತರಗತಿಯ ಹುಡುಗಿಯೊಬ್ಬಳ ಹೊಸ ಕಂಪಾಸ್ ಬಾಕ್ಸ್ ಕಳೆದುಹೋಗಿತ್ತಂತೆ. ಮೇಡಂ ಇಡೀ ತರಗತಿಯಲ್ಲಿ ಒಬ್ಬಳ ಚೀಲವನ್ನು ಮಾತ್ರ ತೆಗೆದುಕೊಂಡು ಎಲ್ಲರೆದುರು ಬೆಂಚಿನ ಮೇಲೆ ಸುರಿದರಂತೆ. ಆ ಹುಡುಗಿ ಹಾಸ್ಟೆಲಿನಿಂದ ಬರುವವಳು. ಯಾವ ಹಾಸ್ಟೆಲು, ಅಲ್ಲಿ ಯಾವ ಕೇರಿಯ ಮಕ್ಕಳಿರುತ್ತಾರೆ ಎಂಬುದು ನಮ್ಮೂರಿನಲ್ಲಿ ಯಾರಿಗೂ ಹೇಳಬೇಕಾದ ವಿಷಯವಲ್ಲ. ಚೀಲದಲ್ಲಿ ಏನೂ ಸಿಗಲಿಲ್ಲ. ಆದರೂ ದಿನವಿಡೀ ಎಲ್ಲರೂ ಅವಳನ್ನೇ ನೋಡಿದರಂತೆ.

"ಅಮ್ಮ, ಊಟದ ಬಿಡುವಿನಲ್ಲಿ ಅವಳು ಪೂರ್ತಿ ನನ್ನ ಜೊತೇಲೇ ಇದ್ದಳು. ನಾಳೆ ಮೇಡಂ ಹತ್ರ ಹೋಗಿ ಹೇಳ್ಲಾ?" ಎಂದಳು ಮಗಳು.

ನಾನು ಒಗ್ಗರಣೆ ಹಾಕುತ್ತಿದ್ದೆ. ತಿರುಗಿಯೂ ನೋಡದೆ, "ಸುಮ್ಮನಿರು. ನಮಗ್ಯಾಕೆ ಊರ ಉಸಾಬರಿ? ಮೇಡಂ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡರೆ ಏನು ಮಾಡ್ತೀಯ?" ಎಂದೆ. ಅವಳು ಮತ್ತೆ ಕೇಳಲಿಲ್ಲ. ನಾಲ್ಕು ದಿನಗಳ ನಂತರ ಆ ಕಂಪಾಸ್ ಬಾಕ್ಸ್ ಪ್ರಯೋಗಾಲಯದ ಕಿಟಕಿಯ ಕಟ್ಟೆಯ ಮೇಲೆ ಸಿಕ್ಕಿತು. ಹಾಸ್ಟೆಲಿನ ಹುಡುಗಿಗೆ ಯಾರೂ ಏನೂ ಹೇಳಲಿಲ್ಲ. ನಾನೂ ಅದನ್ನು ಮರೆತುಬಿಟ್ಟೆ.

ಮತ್ತೆ ನೆನಪಾದದ್ದು ಇತ್ತೀಚೆಗೆ. ಮಗಳು ಈಗ ಪದವಿ ಕಾಲೇಜಿನಲ್ಲಿದ್ದಾಳೆ. ಗ್ರಂಥಾಲಯದಿಂದ ಎರಡು ಇಂಗ್ಲಿಷ್ ಕಾದಂಬರಿಗಳನ್ನು ತಂದು, ತಾನು ಓದಿ ಮುಗಿಸಿ, ನನ್ನ ಹಾಸಿಗೆಯ ಪಕ್ಕ ಇಟ್ಟು ಹೋದಳು. "ಇದು ಮಕ್ಕಳ ಪುಸ್ತಕ ಅಲ್ವೇನೆ?" ಎಂದೆ. "ಓದಿ ನೋಡಮ್ಮ" ಎಂದಳು, ಅಷ್ಟೆ. ಇಂಗ್ಲಿಷಿನಲ್ಲಿ ಹನ್ನೆರಡರಿಂದ ಹದಿನೆಂಟರ ವಯಸ್ಸಿನವರಿಗೆಂದೇ ಬರೆಯುವ ಕಾದಂಬರಿಗಳ ಪ್ರಕಾರವೊಂದಿದೆ. ಪುಸ್ತಕದಂಗಡಿಯಲ್ಲಿ ಅವಕ್ಕೆ ಬೇರೆ ಕಪಾಟೇ ಇರುತ್ತದೆ. ಅತ್ತ ಮಕ್ಕಳ ಕಥೆಯೂ ಅಲ್ಲ, ಇತ್ತ ದೊಡ್ಡವರ ಕಾದಂಬರಿಯೂ ಅಲ್ಲವೆಂದು ನಾನು ಅಲಕ್ಷ್ಯ ಮಾಡಿದ್ದ ಕಪಾಟು ಅದು.

ಮೊದಲನೆಯದು ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ'. 1976ರಲ್ಲಿ ಪ್ರಕಟವಾಗಿ, ಅಮೆರಿಕದ ಮಕ್ಕಳ ಸಾಹಿತ್ಯದ ಅತಿ ದೊಡ್ಡ ಗೌರವವಾದ ನ್ಯೂಬೆರಿ ಪದಕವನ್ನು 1977ರಲ್ಲಿ ಪಡೆದ ಕಾದಂಬರಿ. ಕಥೆ ನಡೆಯುವುದು 1933ರ ಮಿಸ್ಸಿಸಿಪ್ಪಿ ರಾಜ್ಯದ ಹಳ್ಳಿಯಲ್ಲಿ. ಕಥೆ ಹೇಳುವವಳು ಒಂಬತ್ತು ವರ್ಷದ ಕ್ಯಾಸಿ ಲೋಗನ್, ಕಪ್ಪು ಜನಾಂಗದ ರೈತ ಕುಟುಂಬದ ಹುಡುಗಿ.

ಆರಂಭದಲ್ಲೇ ಒಂದು ದೃಶ್ಯವಿದೆ. ಶಾಲೆ ಶುರುವಾಗುವ ದಿನ. ಕ್ಯಾಸಿಯ ಆರು ವರ್ಷದ ತಮ್ಮ, ಎಲ್ಲರೂ ಲಿಟಲ್ ಮ್ಯಾನ್ ಎಂದು ಕರೆಯುವ ಶಿಸ್ತಿನ ಹುಡುಗ, ಜೀವನದಲ್ಲಿ ಮೊದಲ ಬಾರಿಗೆ ಪಠ್ಯಪುಸ್ತಕ ಪಡೆಯುತ್ತಾನೆ. ಪುಸ್ತಕ ಹಳೆಯದು, ಕೊಳೆಯಾದದ್ದು. ಬೇರೆ ಕೊಡಿ ಎಂದು ಕೇಳುತ್ತಾನೆ. ಸಿಗುವುದಿಲ್ಲ. ಸರಿಯೆಂದು ತೆರೆದರೆ ಒಳರಟ್ಟಿನ ಮೇಲೆ ಒಂದು ಕೋಷ್ಟಕ. ಆ ಪುಸ್ತಕವನ್ನು ಯಾವ ವರ್ಷ ಕೊಡಲಾಯಿತು, ಆಗ ಅದರ ಸ್ಥಿತಿ ಹೇಗಿತ್ತು, ಪಡೆದ ವಿದ್ಯಾರ್ಥಿಯ ಜನಾಂಗ ಯಾವುದು ಎಂದು ಅದರಲ್ಲಿ ಬರೆದಿದೆ. ಹನ್ನೊಂದು ಸಲ ಬಿಳಿಯ ಮಕ್ಕಳ ಕೈಸೇರಿ, ಹೊಸದರಿಂದ ಹಳತಾಗಿ, ಹನ್ನೆರಡನೆಯ ಸಲಕ್ಕೆ 'ತೀರಾ ಕೆಟ್ಟ ಸ್ಥಿತಿ' ಎಂಬ ಷರಾದೊಂದಿಗೆ ಅದು ಕಪ್ಪು ಮಕ್ಕಳ ಪಾಲಿಗೆ ಬಂದಿದೆ. ಅವರ ಜನಾಂಗವನ್ನು ಅಲ್ಲಿ ಒಂದು ಹೀನಾಯದ ಪದದಿಂದ ಗುರುತಿಸಿದ್ದಾರೆ. ಅಷ್ಟರಲ್ಲೇ ಓದಲು ಕಲಿತಿದ್ದ ಆ ಆರು ವರ್ಷದ ಮಗು ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತದೆ. ಟೀಚರಿಗೆ ಕೋಷ್ಟಕವನ್ನು ತೋರಿಸಿ ವಿವರಿಸಲು ಹೋದ ಕ್ಯಾಸಿ, ಅವರಿಗೆ ಅರ್ಥವಾಗದಿದ್ದಾಗ ನನಗೂ ಈ ಪುಸ್ತಕ ಬೇಡ ಎನ್ನುತ್ತಾಳೆ. ಇಬ್ಬರಿಗೂ ಏಟು ಬೀಳುತ್ತದೆ.

ನಾನು ಇಲ್ಲಿ ಪುಸ್ತಕ ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನೂ ಹಳೆಯ ಪುಸ್ತಕಗಳಲ್ಲೇ ಓದಿದವಳು. ಪ್ರತಿ ಬೇಸಿಗೆಯಲ್ಲಿ ಅಪ್ಪ ಮೇಲಿನ ತರಗತಿಗೆ ಹೋದವರ ಮನೆ ಹುಡುಕಿ ಅರ್ಧ ಬೆಲೆಗೆ ಪುಸ್ತಕ ತರುತ್ತಿದ್ದರು. ಮೊದಲ ಪುಟದಲ್ಲಿ ಹಳೆಯ ಒಡೆಯರ ಹೆಸರುಗಳು ಒಂದರ ಕೆಳಗೊಂದು ಇರುತ್ತಿದ್ದವು. ಕೊನೆಗೆ ನನ್ನ ಹೆಸರು ಬರೆದು ಖಾಕಿ ಕಾಗದದ ಬೈಂಡು ಹಾಕಿದರೆ ನನ್ನಷ್ಟು ಸಂಭ್ರಮ ಯಾರಿಗೂ ಇಲ್ಲ. ನನಗೆ ಎಂದೂ ಅವಮಾನವೆನಿಸಲಿಲ್ಲ. ಏಕೆಂದರೆ ನನ್ನ ಪುಸ್ತಕ ಹಳತಾಗಿದ್ದದ್ದು ನಮ್ಮ ಕೈಯಲ್ಲಿ ಹಣ ಕಡಿಮೆಯಿದ್ದುದರಿಂದ. ಲಿಟಲ್ ಮ್ಯಾನ್‌ನ ಪುಸ್ತಕ ಹಳತಾಗುವವರೆಗೆ ಸರ್ಕಾರವೇ ಕಾದು ಆಮೇಲೆ ಅವನಿಗೆ ಕೊಟ್ಟಿತ್ತು. ಆ ವ್ಯತ್ಯಾಸ ಆರು ವರ್ಷದ ಮಗುವಿಗೆ ಒಂದೇ ನೋಟದಲ್ಲಿ ತಿಳಿಯಿತು.

ಇದರ ಹಿನ್ನೆಲೆಯನ್ನು ವಿದ್ಯಾರ್ಥಿಗಳಿಗೆ ಹೇಳಬೇಕು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1865ರಲ್ಲಿ. ಆದರೆ 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸೌಲಭ್ಯ ಸಮಾನವಾಗಿದ್ದರೆ ಜನಾಂಗಗಳನ್ನು ಬೇರೆಬೇರೆ ಇಡುವುದು ತಪ್ಪಲ್ಲ ಎಂದು ತೀರ್ಪಿತ್ತಿತು. 'ಬೇರೆ' ಎಂಬುದು ಜಾರಿಗೆ ಬಂತು, 'ಸಮಾನ' ಎಂಬುದು ಕಾಗದದಲ್ಲೇ ಉಳಿಯಿತು. ಶಾಲೆಗಳಲ್ಲಿ ಈ ವಿಂಗಡಣೆ ಸಂವಿಧಾನಕ್ಕೆ ವಿರುದ್ಧ ಎಂದು ಅದೇ ಕೋರ್ಟು ಹೇಳಿದ್ದು 1954ರಲ್ಲಿ. ಕ್ಯಾಸಿಯ ಕಥೆ ಇವೆರಡರ ನಡುವಿನದು. ಬಿಳಿಯ ಮಕ್ಕಳಿಗೆ ಶಾಲೆಯ ಬಸ್ಸಿದೆ, ಕಪ್ಪು ಮಕ್ಕಳು ಮೈಲಿಗಟ್ಟಲೆ ನಡೆಯಬೇಕು. ಬಸ್ಸಿನ ಚಾಲಕ ಬೇಕೆಂದೇ ಅವರ ಮೇಲೆ ಕೆಸರು ಹಾರಿಸುತ್ತಾನೆ. ಹತ್ತಿಯ ಕೆಲಸಕ್ಕೆ ಮಕ್ಕಳೂ ಬೇಕಾಗುವುದರಿಂದ ಅವರ ಶಾಲೆ ಅಕ್ಟೋಬರಿನಲ್ಲಿ ಶುರುವಾಗಿ ಮಾರ್ಚಿಗೆ ಮುಗಿದುಬಿಡುತ್ತದೆ.

ಅದೇ ಶಾಲೆಯಲ್ಲಿ ಕ್ಯಾಸಿಯ ತಾಯಿ ಮೇರಿ ಲೋಗನ್ ಶಿಕ್ಷಕಿ. ಪುಸ್ತಕದ ಪ್ರಕರಣ ಅವರ ಮುಂದೆ ಬಂದಾಗ ಆಕೆ ಭಾಷಣ ಮಾಡುವುದಿಲ್ಲ. ಕೋಷ್ಟಕದ ಅಳತೆಗೆ ಕಾಗದ ಕತ್ತರಿಸಿ, ಅಂಟು ಹಚ್ಚಿ, ಅದರ ಮೇಲೆ ಅಂಟಿಸುತ್ತಾರೆ. ಮೊದಲು ಲಿಟಲ್ ಮ್ಯಾನ್‌ನ ಪುಸ್ತಕಕ್ಕೆ, ಆಮೇಲೆ ಕ್ಯಾಸಿಯದಕ್ಕೆ, ಆಮೇಲೆ ತಮ್ಮ ತರಗತಿಯ ಪುಸ್ತಕಗಳಿಗೆಲ್ಲ. ಮುಂದೆ ಗುಲಾಮಗಿರಿಯ ನಿಜವಾದ ಇತಿಹಾಸವನ್ನು ಪಾಠ ಮಾಡುತ್ತಿದ್ದಾಗ ಆಡಳಿತ ಮಂಡಳಿಯವರು ಬರುತ್ತಾರೆ. ಪುಸ್ತಕದಲ್ಲಿಲ್ಲದ್ದನ್ನು ಕಲಿಸಿದ್ದಕ್ಕೆ ಆಕೆ ಕೆಲಸ ಕಳೆದುಕೊಳ್ಳುತ್ತಾರೆ. ಅಂಟಿಸಿದ ಆ ಕಾಗದಗಳೂ ಅವರ ಕಣ್ಣಿಗೆ ಬೀಳುತ್ತವೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಪ್ರಸಂಗ. ಅಜ್ಜಿಯ ಜೊತೆ ಪೇಟೆಗೆ ಹೋದ ಕ್ಯಾಸಿ ಕಾಲುದಾರಿಯಲ್ಲಿ ಲಿಲಿಯನ್ ಜೀನ್ ಎಂಬ ಬಿಳಿಯ ಹುಡುಗಿಗೆ ಅಕಸ್ಮಾತ್ತಾಗಿ ಡಿಕ್ಕಿ ಹೊಡೆಯುತ್ತಾಳೆ. ಕ್ಷಮೆ ಕೇಳುತ್ತಾಳೆ. ಅದು ಸಾಲದು, ರಸ್ತೆಗಿಳಿದು ನಡೆ ಎನ್ನುತ್ತಾಳೆ ಆ ಹುಡುಗಿ. ಕ್ಯಾಸಿ ಒಪ್ಪದಿದ್ದಾಗ ಹುಡುಗಿಯ ಅಪ್ಪ ಬಂದು ಕೈ ತಿರುಚಿ ಅವಳನ್ನು ರಸ್ತೆಗೆ ತಳ್ಳುತ್ತಾನೆ. ಓಡಿಬಂದ ಅಜ್ಜಿ ತನ್ನನ್ನು ಕಾಪಾಡುತ್ತಾಳೆಂದು ಕ್ಯಾಸಿ ತಿಳಿದರೆ, ಅಜ್ಜಿಯೇ ಮೊಮ್ಮಗಳ ಬಾಯಿಂದ ಮತ್ತೆ ಕ್ಷಮೆ ಹೇಳಿಸುತ್ತಾಳೆ. ತನ್ನದೇ ವಾರಿಗೆಗೆ ಹತ್ತಿರದ ಹುಡುಗಿಯನ್ನು ಗೌರವಸೂಚಕ ಹಚ್ಚಿ 'ಮಿಸ್' ಎಂದು ಕರೆಯಬೇಕು. ಆ ದಿನಕ್ಕಿಂತ ಕ್ರೂರವಾದ ದಿನವನ್ನು ತಾನು ಕಂಡಿರಲಿಲ್ಲವೆಂದು ಕ್ಯಾಸಿಗೆ ಅನ್ನಿಸುತ್ತದೆ.

ಈ ಪುಟ ಓದುವಾಗ ನನಗೆ ಒಂದು ಬಗೆಯ ಸಮಾಧಾನವಾಯಿತೆಂದು ಒಪ್ಪಿಕೊಳ್ಳಬೇಕು. ನೋಡು, ಅಜ್ಜಿಯೂ 'ಸುಮ್ಮನಿರು' ಎಂದಳಲ್ಲ, ನಾನೊಬ್ಬಳೇ ಅಲ್ಲ ಎಂದುಕೊಂಡೆ. ಆದರೆ ಆ ರಾತ್ರಿ ಕ್ಯಾಸಿಯ ತಾಯಿ ಮಗಳ ಹಾಸಿಗೆಯ ಬಳಿ ಕುಳಿತು ಮಾತನಾಡುವ ಭಾಗಕ್ಕೆ ಬಂದಾಗ ಆ ಸಮಾಧಾನ ಉಳಿಯಲಿಲ್ಲ. ಅಜ್ಜಿ ಹಾಗೆ ಮಾಡಿದ್ದು ನಿನ್ನನ್ನು ಉಳಿಸಿಕೊಳ್ಳಲು ಎಂದು ತಾಯಿ ತಿಳಿಸಿಹೇಳುತ್ತಾಳೆ. ಅದು ಉತ್ಪ್ರೇಕ್ಷೆಯಲ್ಲ. 1877ರಿಂದ 1950ರವರೆಗೆ ಅಮೆರಿಕದಲ್ಲಿ 4,400ಕ್ಕೂ ಹೆಚ್ಚು ಕಪ್ಪು ಜನರನ್ನು ಗುಂಪುಗಳು ಕೊಂದದ್ದನ್ನು ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್ ಎಂಬ ಸಂಸ್ಥೆ ದಾಖಲಿಸಿದೆ. 1955ರಲ್ಲಿ, ಇದೇ ಮಿಸ್ಸಿಸಿಪ್ಪಿಯಲ್ಲಿ, ಷಿಕಾಗೊದಿಂದ ನೆಂಟರ ಮನೆಗೆ ಬಂದಿದ್ದ ಹದಿನಾಲ್ಕು ವರ್ಷದ ಎಮೆಟ್ ಟಿಲ್ ಎಂಬ ಬಾಲಕನನ್ನು, ಅಂಗಡಿಯ ಬಿಳಿಯ ಹೆಂಗಸಿನೊಡನೆ ಅನುಚಿತವಾಗಿ ನಡೆದುಕೊಂಡನೆಂಬ ಆರೋಪದ ಮೇಲೆ ಎಳೆದೊಯ್ದು ಕೊಂದರು. ಅಜ್ಜಿಯ ಎದೆಯಲ್ಲಿ ಇದ್ದದ್ದು ಆ ಭಯ.

ನನ್ನ ಎದೆಯಲ್ಲಿ ಯಾವ ಭಯವಿತ್ತು? ಮಗಳಿಗೆ ಒಂದೆರಡು ಅಂಕ ಕಡಿಮೆಯಾದೀತು, ಪೋಷಕರ ಸಭೆಯಲ್ಲಿ ಮೇಡಂ ಮುಖ ಗಂಟಿಕ್ಕಿಯಾರು, ಇಷ್ಟೆ. ಜೀವ ಉಳಿಸಿಕೊಳ್ಳಲು ಬಾಯಿ ಮುಚ್ಚುವುದು ಬೇರೆ, ನೆಮ್ಮದಿ ಕೆಡದಿರಲೆಂದು ಬಾಯಿ ಮುಚ್ಚುವುದು ಬೇರೆ. ಎರಡಕ್ಕೂ ನಾವು ಒಂದೇ ಮಾತು ಬಳಸುತ್ತೇವೆ, 'ಸುಮ್ಮನಿರು' ಎಂದು. ಅಷ್ಟೇ ಅಲ್ಲ, ಲೋಗನ್ ಮನೆಯಲ್ಲಿ ಮಗುವನ್ನು ಸುಮ್ಮನಿರಿಸಿದ ಹಗಲಿನ ಹಿಂದೆಯೇ, ಏಕೆ ಹಾಗಾಯಿತೆಂದು ಗುಲಾಮಗಿರಿಯ ಕಾಲದಿಂದ ಹಿಡಿದು ಬಿಡಿಸಿ ಹೇಳುವ ರಾತ್ರಿ ಬಂತು. ನಮ್ಮ ಮನೆಯಲ್ಲಿ ಆ ರಾತ್ರಿ ಬರಲಿಲ್ಲ.

ಟೇಲರ್ 1943ರಲ್ಲಿ ಮಿಸ್ಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಹುಟ್ಟಿದವರು. ಕೂಸಾಗಿದ್ದಾಗಲೇ ಕುಟುಂಬ ಉತ್ತರದ ಒಹಾಯೊ ರಾಜ್ಯದ ಟೊಲೀಡೊಗೆ ವಲಸೆ ಹೋಯಿತು. ದಕ್ಷಿಣದ ತಮ್ಮ ಹಿರಿಯರ ಕಥೆಗಳನ್ನು ಅವರು ಕೇಳಿದ್ದು ತಂದೆಯ ಬಾಯಿಂದ. ಶಾಲೆಯ ಇತಿಹಾಸದ ಪುಸ್ತಕದಲ್ಲಿ ಆ ಧೀರರು ಯಾರೂ ಇರಲಿಲ್ಲ. ಅಲ್ಲಿ ಕಪ್ಪು ಜನ ಎಂದರೆ ತಲೆತಗ್ಗಿಸಿ ನಿಂತವರು ಮಾತ್ರ. ಅಪ್ಪ ಹೇಳಿದ ಕಥೆಗಳೇ ಮುಂದೆ ಲೋಗನ್ ಕುಟುಂಬದ ಕಾದಂಬರಿಗಳಾದವು. ಈ ಸರಣಿಯ ಕೊನೆಯ ಪುಸ್ತಕ ಬಂದದ್ದು 2020ರಲ್ಲಿ. ಹಾರ್ಪರ್ ಲೀ ಅವರ 1960ರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕೃತಿಯನ್ನು ನಮ್ಮಲ್ಲಿ ಬಹಳ ಜನ ಓದಿದ್ದಾರೆ. ಅಲ್ಲಿ ಕಪ್ಪು ಮನುಷ್ಯನಿಗಾದ ಅನ್ಯಾಯವನ್ನು ಹೇಳುವವಳು ಬಿಳಿಯ ವಕೀಲನ ಮಗಳು. ಟೇಲರ್ ಅವರಲ್ಲಿ ಅನ್ಯಾಯ ಉಂಡವಳೇ ಬಾಯಿ ತೆರೆಯುತ್ತಾಳೆ.

ಎರಡನೆಯ ಪುಸ್ತಕ 'ದಿ ಹೇಟ್ ಯು ಗಿವ್', 2017ರದು. ಬರೆದ ಆಂಜಿ ಥಾಮಸ್ ಕೂಡ ಅದೇ ಜಾಕ್ಸನ್ ನಗರದಲ್ಲಿ 1988ರಲ್ಲಿ ಹುಟ್ಟಿದವರು. ಇದರ ನಾಯಕಿ ಹದಿನಾರು ವರ್ಷದ ಸ್ಟಾರ್ ಕಾರ್ಟರ್. ಅವಳ ಮನೆ ಬಡ ಕಪ್ಪು ಜನರ ಬಡಾವಣೆಯಲ್ಲಿ, ಓದು ಬಹುತೇಕ ಬಿಳಿಯ ಮಕ್ಕಳೇ ಇರುವ ದುಬಾರಿ ಖಾಸಗಿ ಶಾಲೆಯಲ್ಲಿ. ಹಾಗಾಗಿ ಅವಳು ಇಬ್ಬರಾಗಿದ್ದಾಳೆ. ಶಾಲೆಯಲ್ಲಿ ಮನೆಯ ಆಡುಮಾತು ಬಾಯಿಗೆ ಬರದಂತೆ ನೋಡಿಕೊಳ್ಳುತ್ತಾಳೆ, ಸಿಟ್ಟು ಬಂದರೂ ತೋರಿಸುವುದಿಲ್ಲ. ಇದನ್ನು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಮನೆಯಲ್ಲಾಡುವ ಕನ್ನಡ ಒಂದು, ತರಗತಿಯಲ್ಲಿ ಎದ್ದು ನಿಂತಾಗ ಆಡುವ ಕನ್ನಡ ಇನ್ನೊಂದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಮನೆಮಾತು ಬಾಯಿ ತಪ್ಪಿ ಬಂದರೆ ಹಿಂದಿನ ಬೆಂಚಿನಿಂದ ಬರುವ ನಗುವೂ ಗೊತ್ತು.

ಒಂದು ರಾತ್ರಿ ಸ್ಟಾರ್ ತನ್ನ ಬಾಲ್ಯದ ಗೆಳೆಯ ಖಲೀಲನ ಕಾರಿನಲ್ಲಿ ಹೋಗುತ್ತಿರುವಾಗ ಪೊಲೀಸನೊಬ್ಬ ತಡೆಯುತ್ತಾನೆ. ಖಲೀಲನ ಕೈಯಲ್ಲಿ ಆಯುಧವಿಲ್ಲ. ಕಾರಿನ ಬಾಗಿಲಲ್ಲಿದ್ದ ಬಾಚಣಿಗೆಯನ್ನು ಬಂದೂಕೆಂದು ತಿಳಿದೆನೆಂದು ಆಮೇಲೆ ಹೇಳಲಾಗುತ್ತದೆ. ಮೂರು ಗುಂಡು, ಹುಡುಗ ಸಾಯುತ್ತಾನೆ. ಕಣ್ಣಾರೆ ಕಂಡವಳು ಸ್ಟಾರ್ ಒಬ್ಬಳೇ. ಮುಂದಿನ ನಾಲ್ಕು ನೂರು ಪುಟಗಳ ಪ್ರಶ್ನೆ ಒಂದೇ: ಅವಳು ಹೇಳುತ್ತಾಳೆಯೆ? ಹೇಳುತ್ತಾಳೆ, ಆದರೆ ಒಮ್ಮೆಲೇ ಅಲ್ಲ. ಮೊದಲು ಮನೆಯವರೆದುರು, ಆಮೇಲೆ ಪೊಲೀಸರೆದುರು, ಆಮೇಲೆ ಮುಖ ಮರೆಸಿಕೊಂಡು ಟೀವಿಯಲ್ಲಿ, ಆಮೇಲೆ ನ್ಯಾಯಮಂಡಳಿಯ ಮುಂದೆ. ಪ್ರತಿ ಸಲವೂ ನಡುಗುತ್ತಾಳೆ. ಅಪ್ಪ ಅಮ್ಮ ಪಕ್ಕದಲ್ಲಿರುತ್ತಾರೆ, ಆದರೆ ಮಾತನಾಡೆಂದು ದೂಡುವುದೂ ಇಲ್ಲ, ಬೇಡವೆಂದು ತಡೆಯುವುದೂ ಇಲ್ಲ. ಕೊನೆಯಲ್ಲಿ ಏನಾಗುತ್ತದೆಂದು ಇಲ್ಲಿ ಹೇಳಿ ಓದುವ ಸುಖ ಕೆಡಿಸುವುದಿಲ್ಲ. ಎಲ್ಲವೂ ಸರಿಯಾಗುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಇದು ಬರೀ ಕಾದಂಬರಿ ಎನ್ನುವಂತಿಲ್ಲ. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬಾತನ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮಂಡಿಯೂರಿ ಕುಳಿತು ಆತ ಸತ್ತಾಗ, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಜಗತ್ತಿಗೆ ತೋರಿಸಿದ್ದು ಡಾರ್ನೆಲಾ ಫ್ರೇಜಿಯರ್ ಎಂಬ ಹದಿನೇಳು ವರ್ಷದ ಹುಡುಗಿ. ಪಕ್ಕದ ಅಂಗಡಿಗೆಂದು ಬಂದಿದ್ದವಳು. ಅವಳ ಜೊತೆಗಿದ್ದ ಚಿಕ್ಕ ತಂಗಿಗೆ, ಅಂದರೆ ಬಂಧುವಿನ ಮಗಳಿಗೆ, ಒಂಬತ್ತೇ ವರ್ಷ. ಕ್ಯಾಸಿಯ ವಯಸ್ಸು. 2021ರಲ್ಲಿ ಡಾರ್ನೆಲಾ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಳು, ಆ ಪೊಲೀಸನಿಗೆ ಶಿಕ್ಷೆಯಾಯಿತು. ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿ ಮಂಡಳಿ ಅವಳಿಗೆ ವಿಶೇಷ ಗೌರವ ನೀಡಿತು.

ಈ ಪುಸ್ತಕಗಳನ್ನು ಓದುವಾಗ ನಾವು ಸಹಜವಾಗಿ ಕ್ಯಾಸಿಯ ಪಕ್ಕ, ಸ್ಟಾರ್‌ಳ ಪಕ್ಕ ನಿಂತುಬಿಡುತ್ತೇವೆ. ಅದು ಸುಲಭ. ಆದರೆ ಎರಡರಲ್ಲೂ ಇನ್ನೊಬ್ಬರಿದ್ದಾರೆ. ಟೇಲರ್ ಕಾದಂಬರಿಯ ಜೆರೆಮಿ ಬಿಳಿಯ ಹುಡುಗ; ಲೋಗನ್ ಮಕ್ಕಳ ಜೊತೆ ನಡೆದುಕೊಂಡು ಹೋಗುತ್ತಾನೆಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಪೆಟ್ಟು ತಿನ್ನುತ್ತಾನೆ, ಆದರೂ ಮರುದಿನ ದಾರಿಯಲ್ಲಿ ಕಾದು ನಿಂತಿರುತ್ತಾನೆ. ಥಾಮಸ್ ಕಾದಂಬರಿಯ ಹೇಯ್ಲಿ ಸ್ಟಾರ್‌ಳ ಬಿಳಿಯ ಗೆಳತಿ. ಸ್ಟಾರ್ ಎಮೆಟ್ ಟಿಲ್‌ನ ಚಿತ್ರವನ್ನು ಹಂಚಿಕೊಂಡಾಗ ಇದೆಲ್ಲ ನೋಡಲಾಗದೆಂದು ದೂರ ಸರಿಯುತ್ತಾಳೆ. ನಮ್ಮ ಮನೆ ಯಾರ ಮನೆ ಎಂದು ನಾನು ಪ್ರಾಮಾಣಿಕವಾಗಿ ಕೇಳಿಕೊಂಡೆ. ಮಗಳು ಜೆರೆಮಿಯಾಗಬಹುದಿತ್ತು. ಒಗ್ಗರಣೆಯ ಮುಂದೆ ನಿಂತು ನಾನೇ ಅವಳನ್ನು ಹೇಯ್ಲಿ ಮಾಡಿದೆ.

ಅಲ್ಲಿನ ಬಣ್ಣ ಬೇರೆ, ಇಲ್ಲಿನ ಜಾತಿ ಬೇರೆ ಎಂದು ಕೆಲವರು ಹೇಳಬಹುದು. ಬೇರೆಯೇ, ನಿಜ. ಆದರೆ ಎರಡನ್ನೂ ಉಂಡವರು ಒಬ್ಬರನ್ನೊಬ್ಬರು ಗುರುತಿಸಿದ್ದಾರೆ. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಸ್ಟಾರ್‌ಳ ಅಪ್ಪ ತನ್ನ ಮಕ್ಕಳಿಗೆ ಕಂಠಪಾಠ ಮಾಡಿಸುವ ಹತ್ತು ಅಂಶಗಳ ಬೇಡಿಕೆ 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ್ದು. ಅದೇ ಹೆಸರಿನ ಸ್ಫೂರ್ತಿಯಲ್ಲಿ 1972ರಲ್ಲಿ ಮುಂಬಯಿಯ ತರುಣ ಲೇಖಕರು ದಲಿತ ಪ್ಯಾಂಥರ್ಸ್ ಕಟ್ಟಿದರು. ನಮ್ಮಲ್ಲಿ ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲೂ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದಲ್ಲೂ ಶಾಲೆಗೆ ಹೋಗುವ ಹುಡುಗನಿದ್ದಾನೆ. ಅವು ಆತ್ಮಕಥೆಗಳು, ಹದಿಹರೆಯದವರಿಗೆಂದೇ ಬರೆದವಲ್ಲ. ಆದರೆ ಪಿಯುಸಿ ಓದುವ ಹುಡುಗ ಹುಡುಗಿಯರು ಅವನ್ನು ಧಾರಾಳವಾಗಿ ಓದಬಹುದು. ಕ್ಯಾಸಿಯನ್ನು ಮೆಚ್ಚಿದವರು ಅವನ್ನು ಓದದಿದ್ದರೆ ಓದು ಅರ್ಧವೇ.

ತಂದೆತಾಯಿಯರಿಗೆ ಒಂದು ಮಾತು. 'ದಿ ಹೇಟ್ ಯು ಗಿವ್' ಪುಸ್ತಕದಲ್ಲಿ ಬೈಗುಳಗಳಿವೆ, ಮಾದಕ ವಸ್ತುವಿನ ಪ್ರಸ್ತಾಪವಿದೆ, ಸಾವಿದೆ. ಅಮೆರಿಕದಲ್ಲೇ ಅನೇಕ ಪೋಷಕರು ಇದನ್ನು ಶಾಲೆಯಿಂದ ತೆಗೆಸಬೇಕೆಂದು ಗಲಾಟೆ ಮಾಡಿದ್ದಾರೆ. ಅಲ್ಲಿನ ಗ್ರಂಥಾಲಯ ಸಂಘವು ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಹತ್ತು ಪುಸ್ತಕಗಳ ಪಟ್ಟಿಯಲ್ಲಿ 2017ರಲ್ಲೂ 2018ರಲ್ಲೂ ಇದಿತ್ತು. ಹೈಸ್ಕೂಲಿನ ಕೊನೆಯ ವರ್ಷಗಳಿಗೆ ಬಂದವರಿಗೆ ಇದು ಸರಿ. ಅದಕ್ಕಿಂತ ಚಿಕ್ಕವರಿಗೆ ಟೇಲರ್ ಅವರ ಪುಸ್ತಕ ಸಾಕು. ಆದರೆ ಅದರಲ್ಲೂ ಹೀನಾಯದ ಪದಗಳಿವೆ, ಅವು ಏಕಿವೆಯೆಂದು ನೀವು ಹೇಳಬೇಕಾಗುತ್ತದೆ. ಆದ್ದರಿಂದ ಮಕ್ಕಳ ಕೈಗೆ ಕೊಟ್ಟು ಎದ್ದುಹೋಗಬೇಡಿ. ನೀವೂ ಓದಿ. ಧೈರ್ಯವಾಗಿ ಮಾತನಾಡು ಎಂದು ಭಾಷಣ ಸ್ಪರ್ಧೆಗೆ ತಯಾರು ಮಾಡುವ ನಾವೇ, ಮಗು ನಿಜವಾಗಿ ಮಾತನಾಡಬೇಕೆಂದು ಅಡುಗೆಮನೆಯ ಬಾಗಿಲಿಗೆ ಬಂದಾಗ ಏನು ಮಾಡುತ್ತೇವೆ ಎಂಬುದು ಮುಖ್ಯ. ಕ್ಯಾಸಿಗೂ ಸ್ಟಾರ್‌ಗೂ ದನಿ ಬಂದದ್ದು ಅವರ ಮನೆಯಲ್ಲಿ ಅದನ್ನು ಮೊದಲು ಕೇಳಿಸಿಕೊಂಡವರಿದ್ದುದರಿಂದ.

ಎರಡೂ ಪುಸ್ತಕಗಳನ್ನು ಮುಗಿಸಿದ ರಾತ್ರಿ ನಾನು ಮಗಳ ಕೋಣೆಗೆ ಹೋದೆ. ಕಂಪಾಸ್ ಬಾಕ್ಸಿನ ವಿಷಯ ನೆನಪಿದೆಯೇ ಎಂದು ಕೇಳಿದೆ.

"ಅದಕ್ಕೇ ತಾನೆ ಪುಸ್ತಕ ಕೊಟ್ಟಿದ್ದು" ಎಂದಳು.

"ಅವತ್ತು ನಾನು ಹೇಳಿದ್ದು ತಪ್ಪು" ಎಂದೆ. ಈ ಮಾತನ್ನು ಮಗಳಿಗೆ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದಳು: "ನಿನ್ನೊಬ್ಬಳದೇ ಅಲ್ಲಮ್ಮ. ನಿನಗೆ ಹೇಳೋದಕ್ಕಿಂತ ಮುಂಚೆ, ಕ್ಲಾಸಿನಲ್ಲೇ ಹೇಳಬಹುದಿತ್ತು. ಚೀಲ ಸುರೀತಿದ್ದಾಗ ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ."

ಆ ಹುಡುಗಿ ಈಗ ಎಲ್ಲಿದ್ದಾಳೆಂದು ಕೇಳಿದೆ. ಗೊತ್ತಿಲ್ಲ ಎಂದಳು. ಹಳೆಯ ಗೆಳತಿಯರನ್ನು ವಿಚಾರಿಸುತ್ತಿದ್ದಾಳಂತೆ. ಸಿಕ್ಕರೆ ಏನು ಹೇಳುತ್ತೀಯ ಎಂದು ನಾನು ಕೇಳಲಿಲ್ಲ. ಅದನ್ನು ಅವಳೇ ತೀರ್ಮಾನಿಸಬೇಕು. ಈ ಸಲ ಮಾತ್ರ ನಾನು ಸುಮ್ಮನಿರು ಎನ್ನುವುದಿಲ್ಲ.